ಪಟ್ಟಿಯಲ್ಲಿ ಇಲ್ಲದ ವಿಷ: ಲಾಂಗ್‌ಫೆಲೋ ತೊರೆಯ ಕೋಹೋ ಮೀನುಗಳು ಮತ್ತು ನೀರು ಬಿಡುವ ಪರ್ಮಿಟ್

ಈ ಸಲ ಅತಿಥಿಗಳಿಲ್ಲ, ಸಂದರ್ಶನ ಇಲ್ಲ. ಒಂದು ವಾದ ಇದೆ, ಅದನ್ನ ನಾನೇ ಮಂಡಿಸ್ತೀನಿ. ಒಪ್ಪದವರು ಬರೆದು ಕಳಿಸಿ.

ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಹೊಳೆಗೆ, ಕೆರೆಗೆ, ಕಡಲಿಗೆ ನೀರು ಬಿಡೋದಕ್ಕೆ ಸರ್ಕಾರ ಒಂದು ಅನುಮತಿ ಪತ್ರ ಕೊಡುತ್ತಲ್ಲ, ಅದು ಪೈಪಿನ ಬಾಯಲ್ಲಿ ಬರೋ ನೀರನ್ನ ವಿಚಾರಿಸುತ್ತೆ. ಆ ನೀರಲ್ಲಿ ಬದುಕಬೇಕಾದ ಮೀನನ್ನ ವಿಚಾರಿಸೋದು ಬಹಳ ಕಡಿಮೆ. ವಿಚಾರಿಸಬೇಕು, ಅದೂ ಆಯಾ ನೀರಿನ ಮೀನನ್ನೇ ವಿಚಾರಿಸಬೇಕು. ಆ ಕೆಲಸ ಯಾರು ಮಾಡ್ತಾರೆ, ಯಾವ ತಿಂಗಳು ಮಾಡ್ತಾರೆ, ಖರ್ಚು ಯಾರದ್ದು ಅನ್ನೋದು ಪತ್ರದ ಒಳಗೇ ಇರಬೇಕು. ಇದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ಒಂದು ತೊರೆ.

ಸಿಯಾಟಲ್ ಸುತ್ತಮುತ್ತ ಇರೋ ಕನ್ನಡದ ಮನೆಗಳಲ್ಲಿ ಅಕ್ಟೋಬರ್ ಬಂದ್ರೆ ಒಂದು ಕಡೆ ದಸರಾ ಗೊಂಬೆ, ಇನ್ನೊಂದು ಕಡೆ ಇಸಾಕ್ವಾದ ಸಾಲ್ಮನ್ ಹಬ್ಬ. ಮಕ್ಕಳನ್ನ ಕರಕೊಂಡು ಹೋಗಿ, ಮೀನುಗಳು ಮೆಟ್ಟಿಲು ಮೆಟ್ಟಿಲಾಗಿ ಹಾರಿ ಮೇಲೆ ಬರೋದನ್ನ ಗಾಜಿನ ಹಿಂದಿನಿಂದ ತೋರಿಸಿ ಬರ್ತೀವಿ. ಅಲ್ಲಿರೋದು ಮರಿ ಮಾಡಿಸೋ ಕೇಂದ್ರ, ಅಲ್ಲಿ ಎಲ್ಲಾ ಅಚ್ಚುಕಟ್ಟು. ನಾನು ಹೇಳ್ತಾ ಇರೋದು ಪಶ್ಚಿಮ ಸಿಯಾಟಲ್‌ನಲ್ಲಿ, ಡೆಲ್‌ರಿಡ್ಜ್ ಬಡಾವಣೆಯ ಹಿಂಭಾಗದಲ್ಲಿ ಹರಿದು ಡುವಾಮಿಶ್ ಸೇರೋ ಲಾಂಗ್‌ಫೆಲೋ ತೊರೆಯ ಬಗ್ಗೆ. ಅಲ್ಲಿಗೆ ಯಾರೂ ಪ್ರವಾಸ ಹೋಗಲ್ಲ. ಒಂದಷ್ಟು ದಾರಿ ನೆಲದಡಿಯ ಕೊಳವೆಯಲ್ಲಿ, ಉಳಿದ ದಾರಿ ಗಾಲ್ಫ್ ಮೈದಾನ, ಮನೆಗಳ ಹಿತ್ತಲು.

1990ರ ದಶಕದಲ್ಲಿ ಸಿಯಾಟಲ್ ನಗರ ಇಂಥ ತೊರೆಗಳನ್ನ ರಿಪೇರಿ ಮಾಡಿತು. ಕಸ ತೆಗೆಸಿದರು, ದಡಕ್ಕೆ ಗಿಡ ನೆಟ್ಟರು, ನೀರಿನ ವೇಗ ಕಡಿಮೆಯಾಗಲಿ ಅಂತ ಮರದ ದಿಮ್ಮಿ ಅಡ್ಡ ಹಾಕಿದರು, ಮೀನು ಮೊಟ್ಟೆ ಇಡೋಕೆ ಬೇಕಾದ ಸಣ್ಣ ಕಲ್ಲು ಸುರಿಸಿದರು. ಕೋಹೋ ಸಾಲ್ಮನ್ ವಾಪಸ್ ಬಂತು. ಕಡಲಲ್ಲಿ ಒಂದೂವರೆ ವರ್ಷ ತಿರುಗಾಡಿ, ಮೈ ಕೆಂಪಾಗಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬಂತು. ಬಂದು, ಮೊಟ್ಟೆ ಇಡೋಕೆ ಮುಂಚೆಯೇ ಸತ್ತುಹೋಯಿತು.

ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯೋದು ಸಹಜ, ಅದು ಅದರ ಜೀವನಚಕ್ರ. ಇದು ಹಾಗಲ್ಲ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚೋದು, ರೆಕ್ಕೆ ಅಗಲಿಸಿಕೊಂಡು ಸುತ್ತೋದು, ಆಮೇಲೆ ಒಂದು ಮಗ್ಗುಲಿಗೆ ಬೀಳೋದು. ಹೆಣ್ಣು ಮೀನಿನ ಹೊಟ್ಟೆ ಕೊಯ್ದು ನೋಡಿದ್ರೆ ಮೊಟ್ಟೆ ಎಲ್ಲಾ ಹಾಗೇ. 2002ರಿಂದ 2009ರವರೆಗೆ ಪ್ರತಿ ವರ್ಷ ಲೆಕ್ಕ ಇಟ್ಟರು. ಯಾವ ವರ್ಷವೂ 60 ಶೇಕಡಾಕ್ಕಿಂತ ಕಡಿಮೆ ಮೀನು ಹೀಗೆ ಸತ್ತಿದ್ದಿಲ್ಲ, ಕೆಲವು ವರ್ಷ ಹೆಚ್ಚುಕಡಿಮೆ ಎಲ್ಲವೂ. ದುಡ್ಡು ಹಾಕಿ ಮನೆ ಕಟ್ಟಿ, ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಸ್ತಿಲಲ್ಲೇ ಸತ್ತ ಹಾಗೆ.

ಈಗ ಪರ್ಮಿಟ್ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ 1972ರ ಶುದ್ಧ ನೀರಿನ ಕಾಯ್ದೆ ಪ್ರಕಾರ ಪೈಪಿನಿಂದ, ಕಾಲುವೆಯಿಂದ ಹೊಳೆಗೆ ಏನು ಬಿಟ್ಟರೂ ಪರ್ಮಿಟ್ ಬೇಕು. ಅವಧಿ 5 ವರ್ಷ. 1987ರ ತಿದ್ದುಪಡಿ ಬಂದ ಮೇಲೆ ನಗರದ ಮಳೆನೀರಿನ ಚರಂಡಿಗಳೂ ಇದರೊಳಗೆ ಬಂದವು. ವಾಷಿಂಗ್ಟನ್ ರಾಜ್ಯದಲ್ಲಿ ಇದನ್ನ ಕೊಡೋದು ಇಕಾಲಜಿ ಇಲಾಖೆ. ಸಿಯಾಟಲ್, ಟಕೋಮಾ, ಕಿಂಗ್ ಕೌಂಟಿ ಇಂಥ ದೊಡ್ಡ ಜಾಗಗಳಿಗೆ ಮೊದಲ ಮಳೆನೀರು ಪರ್ಮಿಟ್ ಬಂದಿದ್ದು 1995ರಲ್ಲಿ. ಅಂದ್ರೆ ಲಾಂಗ್‌ಫೆಲೋ ತೊರೆಯಲ್ಲಿ ಮೀನು ಸಾಯ್ತಾ ಇದ್ದ ಅಷ್ಟೂ ವರ್ಷ ಅಲ್ಲಿನ ಮಳೆನೀರಿಗೆ ಕಾನೂನುಬದ್ಧ ಅನುಮತಿ ಇತ್ತು. ಯಾರೂ ಕದ್ದು ವಿಷ ಸುರಿದಿದ್ದಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸೋದು ಇದೇ.

ಹಾಗಾದ್ರೆ ಕೊಂದಿದ್ದು ಏನು? ಮೊದಲು ಅನುಮಾನ ಬರೋದು ಆಮ್ಲಜನಕದ ಕೊರತೆ ಮೇಲೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ಎಲ್ಲರೂ ಮೊದಲು ಹೇಳಿದ್ದು ಅದನ್ನೇ. ಲಾಂಗ್‌ಫೆಲೋದಲ್ಲಿ ನೋಡಿದರು, ಆಮ್ಲಜನಕ ಸರಿ ಇತ್ತು. ಬಿಸಿ ಇಲ್ಲ, ರೋಗ ಇಲ್ಲ, ಕೀಟನಾಶಕ ಕೊಲ್ಲೋ ಮಟ್ಟದಲ್ಲಿ ಇಲ್ಲ. ಆಮೇಲೆ ರಸ್ತೆ ನೀರಲ್ಲಿ ಇರುತ್ತೆ ಅಂತ ಗೊತ್ತಿರೋ ತಾಮ್ರ, ಸತು, ಎಣ್ಣೆಯ ಹೈಡ್ರೋಕಾರ್ಬನ್ ಇವೆಲ್ಲ ಅಳತೆ ಪ್ರಕಾರ ಬೆರೆಸಿ ಒಂದು ಕೃತಕ ರಸ್ತೆ ನೀರು ಮಾಡಿ ಅದರಲ್ಲಿ ಕೋಹೋ ಬಿಟ್ಟರು. ಮೀನು ಬದುಕಿತು. ನಿಜವಾದ ಹೆದ್ದಾರಿಯಿಂದ ಹಿಡಿದ ಮಳೆನೀರಲ್ಲಿ ಬಿಟ್ಟರು. ಸತ್ತಿತು.

ಇದನ್ನ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ನಮಗೆ ಗೊತ್ತಿದ್ದ, ಪಟ್ಟಿಯಲ್ಲಿದ್ದ, ಲ್ಯಾಬಿಗೆ ಕಳಿಸಿ ಅಳೀತಾ ಇದ್ದ ವಸ್ತುಗಳೆಲ್ಲ ಸೇರಿದ್ರೂ ಮೀನನ್ನ ಕೊಲ್ಲಲಿಲ್ಲ. ಆ ನೀರಿನ ವರದಿ ತರಿಸಿದ್ದರೆ ಕಾಗದದ ಮೇಲೆ ಎಲ್ಲಾ ಸರಿ ಇರುತ್ತಿತ್ತು.

ಉತ್ತರ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ, ಸೈನ್ಸ್ ಪತ್ರಿಕೆಯಲ್ಲಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜೆನಿಫರ್ ಮೆಕಿಂಟೈರ್, ಟಕೋಮಾದಲ್ಲಿದ್ದ ಎಡ್ವರ್ಡ್ ಕೊಲೊಜೆ ಮತ್ತು ಜೆನ್ಯು ಟಿಯಾನ್, ನೋವಾ ಸಂಸ್ಥೆಯ ನ್ಯಾಟ್ ಶೋಲ್ಜ್, ಇನ್ನೂ ಎಷ್ಟೋ ಜನರ ಕೆಲಸ. ಟೈರಿನ ಪುಡಿಯನ್ನ ನೀರಲ್ಲಿ ನೆನೆಸಿ, ಅದರಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನ ಭಾಗ ಭಾಗ ಮಾಡಿ, ಪ್ರತಿ ಭಾಗವನ್ನೂ ಮರಿ ಕೋಹೋ ಮೇಲೆ ಪರೀಕ್ಷೆ ಮಾಡ್ತಾ, ಕೊಲ್ಲೋ ಭಾಗವನ್ನ ಮತ್ತೆ ಒಡೀತಾ ಹೋದರು. ಕೊನೆಗೆ ಉಳಿದಿದ್ದು ಒಂದೇ ಅಣು. ಅದರ ಸೂತ್ರ ಯಾವ ಟೈರ್ ತಯಾರಕರ ಪಟ್ಟಿಯಲ್ಲೂ ಇರಲಿಲ್ಲ.

ಅದು ಇರಲಿಲ್ಲ, ಅದರ ತಾಯಿ ಇತ್ತು. ಟೈರಿನ ರಬ್ಬರನ್ನ ಗಾಳಿಯಲ್ಲಿರೋ ಓಝೋನ್ ತಿಂದು ಬಿರುಕು ಬಿಡಿಸುತ್ತೆ. ಹಾಗಾಗಬಾರದು ಅಂತ 6ಪಿಪಿಡಿ ಅನ್ನೋ ವಸ್ತುವನ್ನ 1960ರ ದಶಕದಿಂದ ಟೈರಿಗೆ ಸೇರಿಸ್ತಾರೆ. ಅದು ಮೆಲ್ಲಗೆ ಹೊರಮೈಗೆ ಬಂದು, ರಬ್ಬರ್‌ಗಿಂತ ಮೊದಲು ತಾನೇ ಓಝೋನ್ ಜೊತೆ ಸೇರಿಕೊಳ್ಳುತ್ತೆ. ಸೇರಿದ ಮೇಲೆ ಆಗೋದೇ 6ಪಿಪಿಡಿ-ಕ್ವಿನೋನ್. ಟೈರ್ ಸವೀತಾ ಸವೀತಾ ಪುಡಿ ರಸ್ತೆ ಮೇಲೆ ಬೀಳುತ್ತೆ, ಮಳೆ ಅದನ್ನ ಚರಂಡಿಗೆ ತಳ್ಳುತ್ತೆ, ಚರಂಡಿ ತೊರೆಗೆ. ಇದನ್ನ ಯಾರೂ ತಯಾರಿಸೋದಿಲ್ಲ, ಮಾರೋದಿಲ್ಲ. ಹಾಗಾಗಿ ಯಾವ ಪಟ್ಟಿಗೂ ತಾನಾಗಿ ಬರೋ ಸಾಧ್ಯತೆ ಇರಲಿಲ್ಲ.

ಎಷ್ಟು ಇದ್ದರೆ ಸಾಯುತ್ತೆ? 2022ರ ಪರಿಷ್ಕೃತ ಅಳತೆ ಪ್ರಕಾರ ಲೀಟರ್‌ಗೆ 95 ನ್ಯಾನೋಗ್ರಾಂ ಇದ್ದರೆ ಮರಿ ಕೋಹೋಗಳಲ್ಲಿ ಅರ್ಧ ಒಂದು ದಿನದೊಳಗೆ ಸಾಯುತ್ತವೆ. ಒಲಿಂಪಿಕ್ ಈಜುಕೊಳದಷ್ಟು ನೀರಿಗೆ ಸುಮಾರು ಹತ್ತು ಅಕ್ಕಿಕಾಳಿನ ತೂಕ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇಪಿಎ, 2024ರಲ್ಲಿ ಜಲಜೀವಿಗಳ ರಕ್ಷಣೆಗೆ ಸೂಚಿಸಿದ ಮಿತಿ 11 ನ್ಯಾನೋಗ್ರಾಂ. ಅದೇ ಕೊಳಕ್ಕೆ ಒಂದೇ ಒಂದು ಅಕ್ಕಿಕಾಳು ಅಂದ್ಕೊಳ್ಳಿ.

ಇನ್ನೊಂದು ಸಂಗತಿ ಇದೆ, ನನ್ನ ವಾದ ನಿಂತಿರೋದು ಅದರ ಮೇಲೆ. ಅದೇ ತೊರೆಗಳಿಗೆ ಚಮ್ ಅನ್ನೋ ಇನ್ನೊಂದು ಜಾತಿ ಸಾಲ್ಮನ್ ಕೂಡ ಬರುತ್ತೆ. ಕೋಹೋ ಸಾಯೋ ಅದೇ ನೀರಲ್ಲಿ ಅದಕ್ಕೆ ಏನೂ ಆಗಲ್ಲ. ಲ್ಯಾಬುಗಳಲ್ಲಿ ಎಲ್ಲರೂ ಸಾಕೋ ಜೀಬ್ರಾಫಿಶ್‌ಗೂ (ಅದು ಮೂಲತಃ ನಮ್ಮ ಉಪಖಂಡದ ಹೊಳೆಗಳದ್ದೇ) ಈ ಮಟ್ಟದಲ್ಲಿ ಏನೂ ಆಗಲ್ಲ. ಹಾಗಾಗಿ "ನಾವು ಮೀನಿನ ಮೇಲೆ ಪರೀಕ್ಷೆ ಮಾಡಿದ್ದೀವಿ, ಪಾಸ್ ಆಗಿದೆ" ಅಂತ ಯಾರಾದ್ರೂ ವರದಿ ತೋರಿಸಿದ್ರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಮೀನು?

ಇದನ್ನ ಕೇಳ್ತಾ ಇರೋ ಬೆಂಗಳೂರಿನವರಿಗೆ, ಮಂಗಳೂರಿನವರಿಗೆ ಇದರಿಂದ ಏನು ಅಂತ ಅನಿಸಬಹುದು. ನಮ್ಮಲ್ಲೂ ಇಂಥದೇ ಪತ್ರ ಇದೆ. 1974ರ ಜಲ ಕಾಯ್ದೆ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಕಾರ್ಖಾನೆಯವರು ಕನ್ಸೆಂಟ್ ಅಂತಾರಲ್ಲ, ಅದು. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೇ ಅನುಸೂಚಿಯಲ್ಲಿ, ಪಿಎಚ್, ಬಿಓಡಿ, ಸೀಸ, ಪಾದರಸ ಇವುಗಳ ಸಾಲಿನಲ್ಲೇ, ಒಂದು ಮೀನಿನ ಪರೀಕ್ಷೆ ಇದೆ. ಹೊರಬಿಡೋ ನೀರನ್ನ ಏನೂ ಬೆರೆಸದೆ ತಗೊಂಡು, ಅದರಲ್ಲಿ 96 ಗಂಟೆ ಮೀನು ಬಿಟ್ಟರೆ 90 ಶೇಕಡಾ ಬದುಕಿರಬೇಕು. ಕಾನೂನು ಬರೆದವರು ಬುದ್ಧಿವಂತರು. ಪಟ್ಟಿ ಎಷ್ಟೇ ಉದ್ದ ಇದ್ದರೂ ಏನೋ ಒಂದು ತಪ್ಪಿಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು.

ಆದ್ರೆ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಎಸ್‌ಟಿಪಿ ವರದಿ ಅಂತ ಒಂದು ಹಾಳೆ ಓಡಾಡುತ್ತಲ್ಲ, ಒಂದು ಸಲ ತೆಗೆದು ನೋಡಿ. ಪಿಎಚ್, ಬಿಓಡಿ, ಸಿಓಡಿ, ತೇಲಾಡೋ ಕಣ. ಮೀನಿನ ಸಾಲು ಇದೆಯಾ ಹುಡುಕಿ. ಇನ್ನು ರಸ್ತೆಯ ಮಳೆನೀರಿಗೆ ನಮ್ಮ ನಗರಗಳು ಈ ಥರ ಪರ್ಮಿಟ್ ತಗೋಬೇಕಾದ ವ್ಯವಸ್ಥೆಯೇ ಇಲ್ಲ. ರಾಜಕಾಲುವೆಯಲ್ಲಿ ಮಳೆನೀರು, ಕೊಳಚೆ, ಟೈರಿನ ಪುಡಿ ಎಲ್ಲಾ ಒಟ್ಟಿಗೆ ಹರಿದು ಬೆಳ್ಳಂದೂರು ಸೇರುತ್ತೆ. ನೊರೆ ಎದ್ದಾಗ, ಬೆಂಕಿ ಹತ್ತಿದಾಗ ಸುದ್ದಿ. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೇ ವಿಷಯಕ್ಕೆ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ತೆಗೆದಿಡಬೇಕು ಅಂತ ಹೇಳಿತು. ನೊರೆ ಕಣ್ಣಿಗೆ ಕಾಣುತ್ತೆ. ಲೀಟರ್‌ಗೆ 95 ನ್ಯಾನೋಗ್ರಾಂ ಕಾಣಲ್ಲ.

ಕಾಣಬೇಕಾದ್ರೆ ಯಾರಾದ್ರೂ ದಿನಾ ನೋಡ್ತಾ ಇರಬೇಕು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ ಜನ ಅಕ್ಕಿ ಹಾಕ್ತಾರೆ, ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕ್ತಾರೆ. ಅಲ್ಲಿ ಹತ್ತು ಮೀನು ಮಗುಚಿ ಬಿದ್ದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ನಾನು ಇದನ್ನ ಭಕ್ತಿ ದೃಷ್ಟಿಯಿಂದ ಹೇಳ್ತಾ ಇಲ್ಲ. ವೃತ್ತಿ ದೃಷ್ಟಿಯಿಂದ ನೋಡಿದ್ರೆ ಅದು ತಲೆಮಾರುಗಳಿಂದ ನಿಲ್ಲದೆ ನಡೀತಾ ಇರೋ ಜೈವಿಕ ನಿಗಾ. ನನಗೆ ಅಂಥ ದತ್ತಾಂಶ ಸಿಕ್ಕಿದ್ರೆ ಖುಷಿಯಿಂದ ಪ್ರಬಂಧ ಬರೀತೀನಿ.

ಲಾಂಗ್‌ಫೆಲೋದಲ್ಲೂ ನಡೆದಿದ್ದು ಇದೇ. ಮಳೆಯಲ್ಲಿ ನೆನೆದುಕೊಂಡು, ರಬ್ಬರ್ ಬೂಟು ಹಾಕಿಕೊಂಡು, ವಾರ ವಾರ ತೊರೆ ಉದ್ದಕ್ಕೂ ನಡೆದು ಸತ್ತ ಮೀನು ಎಣಿಸಿದವರು ಇದ್ದಿದ್ದರಿಂದ ಪ್ರಶ್ನೆ ಹುಟ್ಟಿತು. ಪೈಪಿನ ನೀರನ್ನ ಅಳೆದವರಿಂದ ಅಲ್ಲ.

ಈ ರಾಜ್ಯದಲ್ಲಿ ಮೀನಿನ ಎಣಿಕೆಗೆ ಕಾನೂನಿನ ಬಲ ಇರೋದಕ್ಕೆ ಒಂದು ಇತಿಹಾಸ ಇದೆ, ಚಿಕ್ಕದಾಗಿ ಹೇಳ್ತೀನಿ. 1854, 1855ರ ಒಪ್ಪಂದಗಳಲ್ಲಿ ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಭೂಮಿ ಬಿಟ್ಟುಕೊಟ್ಟರು, ಮೀನು ಹಿಡಿಯೋ ಹಕ್ಕನ್ನ ಉಳಿಸಿಕೊಂಡರು. 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದ್ದು ಅಂತ ತೀರ್ಪು ಕೊಟ್ಟರು. ನಮ್ಮ ಜಲ ಕಾಯ್ದೆ ಜಾರಿಗೆ ಬಂದಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಆಮೇಲೆ, ಮೀನೇ ಇಲ್ಲದಿದ್ದರೆ ಅರ್ಧ ಪಾಲಿಗೆ ಅರ್ಥ ಏನು ಅನ್ನೋ ಪ್ರಶ್ನೆ ಬಂತು. ರಸ್ತೆ ಕೆಳಗೆ ಹಾಕಿದ ಕೊಳವೆಗಳು ಸಾಲ್ಮನ್ ದಾರಿ ಮುಚ್ಚಿವೆ, ಅವನ್ನ ರಾಜ್ಯ ಸರ್ಕಾರ ಸರಿಪಡಿಸಬೇಕು ಅನ್ನೋ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಸಮಾನ ಮತಗಳಿಂದ, 4-4, ಹಾಗೇ ಉಳಿಸಿತು. 2023ರಲ್ಲಿ 6ಪಿಪಿಡಿ ಬಗ್ಗೆ ಇಪಿಎಗೆ ಅರ್ಜಿ ಹಾಕಿದ್ದೂ ಯೂರಾಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪುಯಾಲಪ್ ಬುಡಕಟ್ಟುಗಳೇ. ಅದೇ ನವೆಂಬರ್‌ನಲ್ಲಿ ಇಪಿಎ ಅರ್ಜಿಯನ್ನ ಒಪ್ಪಿಕೊಂಡಿತು. ಮೀನಿನ ಮೇಲೆ ಹಕ್ಕು ಇರೋರು ಕೇಳಿದ್ದರಿಂದ ವಿಷಯ ಇಷ್ಟು ಮುಂದೆ ಬಂತು.

ನನ್ನ ವಾದಕ್ಕೆ ಇರೋ ದೊಡ್ಡ ಆಕ್ಷೇಪ ಈಗ. 2025ರ ಮಾರ್ಚ್ 4ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರ ಮತ್ತು ಇಪಿಎ ನಡುವಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಒಂದು ತೀರ್ಪು ಕೊಟ್ಟಿದೆ. "ನೀವು ಏನಾದ್ರೂ ಮಾಡಿಕೊಳ್ಳಿ, ಕೊನೆಗೆ ಹೊಳೆಯ ನೀರು ಮಾತ್ರ ಚೆನ್ನಾಗಿರಬೇಕು" ಅನ್ನೋ ಥರದ ಷರತ್ತನ್ನ ಇಪಿಎ ಪರ್ಮಿಟ್‌ನಲ್ಲಿ ಹಾಕೋ ಹಾಗಿಲ್ಲ, ಏನು ಮಾಡಬೇಕು ಅಂತ ಅಧಿಕಾರಿಗಳೇ ನಿರ್ದಿಷ್ಟವಾಗಿ ಹೇಳಬೇಕು ಅನ್ನೋದು ಅದರ ಸಾರ. ಪರಿಸರದವರಲ್ಲಿ ಬಹಳ ಜನಕ್ಕೆ ಇದರಿಂದ ಬೇಜಾರಾಯಿತು. ನನಗೂ ಆಯಿತು. ಆದ್ರೆ ನಗರಸಭೆಯ ಜಾಗದಲ್ಲಿ ನಿಂತು ನೋಡಿದ್ರೆ ಅವರ ಮಾತಲ್ಲೂ ನ್ಯಾಯ ಇದೆ. ಟೈರ್ ಮಾಡಿದ್ದು ಅವರಲ್ಲ, ಕಾರ್ ಓಡಿಸಿದ್ದು ಅವರಲ್ಲ. ಮೀನು ಸತ್ತ ಕೂಡಲೇ ದಂಡ ಅವರ ಮೇಲೆ ಹಾಕಿದ್ರೆ ಹೇಗೆ?

ದಂಡ ಹಾಕಿ ಅಂತ ನಾನು ಹೇಳ್ತಾ ಇಲ್ಲ. ಎಣಿಸಿ ಅಂತ ಹೇಳ್ತಾ ಇದ್ದೀನಿ. ಎಣಿಸೋದು ನಿರ್ದಿಷ್ಟ ಕೆಲಸ, ಅದನ್ನ ಷರತ್ತಾಗಿ ಬರೆಯೋಕೆ ಈ ತೀರ್ಪು ಅಡ್ಡ ಬರೋದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಇಂಥಿಂಥ ತೊರೆಗಳಲ್ಲಿ, ವಾರಕ್ಕೆ ಇಷ್ಟು ಸಲ ನಡೆದು ನೋಡಬೇಕು, ಸತ್ತ ಹೆಣ್ಣು ಕೋಹೋ ಹೊಟ್ಟೆಯಲ್ಲಿ ಮೊಟ್ಟೆ ಇದೆಯಾ ಬರೆದಿಡಬೇಕು, ಲೆಕ್ಕವನ್ನ ಅದೇ ಚಳಿಗಾಲದಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ಈಗ ಪರ್ಮಿಟ್ ಇರೋ ಊರುಗಳು ದುಡ್ಡು ಕೂಡಿಸಿ ಪ್ರಾದೇಶಿಕ ಮಳೆನೀರು ನಿಗಾ ಕಾರ್ಯಕ್ರಮ ಒಂದನ್ನ ನಡೆಸ್ತಾ ಇವೆ, ಒಳ್ಳೆಯದು. ಅದರಲ್ಲಿ ಅಧ್ಯಯನಗಳು ಬರುತ್ತವೆ, ಮುಗಿಯುತ್ತವೆ. ನಾನು ಕೇಳ್ತಾ ಇರೋದು ಮುಗಿಯದೆ ಇರೋ ಒಂದು ಎಣಿಕೆ.

ಎಣಿಕೆ ಕೆಟ್ಟಾಗ ಏನು ಮಾಡಬೇಕು ಅನ್ನೋದೂ ಈಗ ಗೊತ್ತಿದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮರಳು, ಉಳಿದಿದ್ದು ಗೊಬ್ಬರ, ಸರಿಯಾಗಿ ಹೇಳೋದಾದ್ರೆ 60 ಪಾಲು ಮರಳು, 40 ಪಾಲು ಕಾಂಪೋಸ್ಟ್. ಇಂಥ ಮಣ್ಣಿನ ಮೂಲಕ ಸೋಸಿದ ಹೆದ್ದಾರಿ ನೀರಲ್ಲಿ ಬಿಟ್ಟ ಕೋಹೋಗಳು ಬದುಕಿದವು. ಇದು ಪ್ರಕಟವಾಗಿದ್ದು 2016ರಲ್ಲಿ, ವಿಷದ ಹೆಸರು ಗೊತ್ತಾಗೋಕೆ 4 ವರ್ಷ ಮೊದಲು! ಏನು ಕೊಲ್ಲುತ್ತೆ ಅಂತ ಗೊತ್ತಿಲ್ಲದೆಯೇ ಹೇಗೆ ಉಳಿಸೋದು ಅಂತ ಗೊತ್ತಿತ್ತು, ಯಾಕಂದ್ರೆ ಅವರು ಮೀನನ್ನೇ ಕೇಳಿದ್ದರು. ಫ್ರೀಮಾಂಟ್‌ನಲ್ಲಿ ಅರೋರಾ ಸೇತುವೆ ಕೆಳಗೆ ಗಿಡ ನೆಟ್ಟ ಇಳಿಜಾರು ಗುಂಡಿಗಳಿವೆ, ಸೇತುವೆ ಮೇಲಿನ ನೀರು ಅಲ್ಲಿ ಇಂಗಿ ಸೋಸಿಕೊಂಡು ಹೋಗುತ್ತೆ. ಕಾಫಿ ಕುಡಿಯೋಕೆ ಆ ಕಡೆ ಹೋದವರು ಅದನ್ನ ಅಲಂಕಾರದ ತೋಟ ಅಂದ್ಕೊಂಡಿರ್ತಾರೆ.

ಮೂಲದಲ್ಲೇ ಸರಿಪಡಿಸಬೇಕು, ಟೈರಿನಿಂದ 6ಪಿಪಿಡಿ ತೆಗೀಬೇಕು ಅನ್ನೋದು ಸರಿ. ಕ್ಯಾಲಿಫೋರ್ನಿಯಾ 2023ರ ಅಕ್ಟೋಬರ್‌ನಿಂದ ತಯಾರಕರು ಬದಲಿ ಹುಡುಕಲೇಬೇಕು ಅಂತ ನಿಯಮ ಮಾಡಿದೆ, ವಾಷಿಂಗ್ಟನ್ ಕೂಡ 2024ರಲ್ಲಿ ಕಾನೂನು ತಂದಿದೆ. ಆದ್ರೆ ಬಿರುಕು ಬಿಟ್ಟ ಟೈರಿನಲ್ಲಿ ಹೆದ್ದಾರಿಗೆ ಹೋಗೋಕೆ ಯಾರೂ ಸಿದ್ಧರಿಲ್ಲ, ಬದಲಿ ಬರೋಕೆ ವರ್ಷಗಳು ಬೇಕು. ಬಂದ ಬದಲಿ ಓಝೋನ್ ಜೊತೆ ಸೇರಿ ಏನಾಗುತ್ತೋ, ಯಾವ ಜೀವಿಗೆ ತಟ್ಟುತ್ತೋ, ಅದನ್ನೂ ಪಟ್ಟಿ ಹೇಳಲ್ಲ. ಆಗಲೂ ತೊರೆಗೆ ಹೋಗಿ ಎಣಿಸೋರು ಬೇಕು.

ಈಗಿನ ಮಳೆನೀರು ಪರ್ಮಿಟ್ 2024ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಆದ್ಯತೆಯ ರಸ್ತೆಗಳನ್ನ ಗುಡಿಸೋ ಕಾರ್ಯಕ್ರಮ ಅದರಲ್ಲಿ ಹೊಸದಾಗಿ ಸೇರಿದೆ, ಟೈರ್ ಪುಡಿಗೆ ಇದು ಒಳ್ಳೇ ಆರಂಭ. ಅವಧಿ ಮುಗಿಯೋದು 2029ರ ಜುಲೈ 31ಕ್ಕೆ. ಅದಕ್ಕೂ ಮುಂಚೆ ಮುಂದಿನ ಪರ್ಮಿಟ್‌ನ ಕರಡು ಹೊರಗೆ ಬರುತ್ತೆ, ಸಾರ್ವಜನಿಕರ ಅಭಿಪ್ರಾಯ ಕೇಳ್ತಾರೆ, ಬಂದ ಅಭಿಪ್ರಾಯಗಳಿಗೆ ಇಲಾಖೆ ಬರಹದಲ್ಲಿ ಉತ್ತರ ಕೊಡಬೇಕು. ಒಪ್ಪಿಗೆ ಆಗದಿದ್ದರೆ ಮಾಲಿನ್ಯ ನಿಯಂತ್ರಣ ವಿಚಾರಣಾ ಮಂಡಳಿಗೆ ಮೇಲ್ಮನವಿ ಹೋಗುತ್ತೆ. ಇದು ಬರೀ ಶಾಸ್ತ್ರಕ್ಕೆ ಅಲ್ಲ. ಪುಜೆಟ್ ಸೌಂಡ್‌ಕೀಪರ್ ಸಂಘಟನೆ ಹಾಕಿದ್ದ ಇಂಥ ಮೇಲ್ಮನವಿಗೆ 2008ರಲ್ಲಿ ತೀರ್ಪು ಬಂದಿದ್ದರಿಂದಲೇ, ಮಳೆನೀರನ್ನ ಬಿದ್ದ ಜಾಗದಲ್ಲೇ ಇಂಗಿಸೋ ವಿಧಾನ ದೊಡ್ಡ ನಗರಗಳ ಪರ್ಮಿಟ್‌ನಲ್ಲಿ ಕಡ್ಡಾಯದ ಕಡೆಗೆ ತಿರುಗಿತು.

ಅಭಿಪ್ರಾಯ ಬರೆಯೋಕೆ ಇಲ್ಲಿ ಪೌರತ್ವ ಬೇಕಿಲ್ಲ. ಎಚ್‌-1ಬಿ ಮೇಲೆ ಇರೋರು, ಗ್ರೀನ್ ಕಾರ್ಡ್ ಸರದಿಯಲ್ಲಿ ಹತ್ತು ವರ್ಷದಿಂದ ನಿಂತಿರೋರು, ವೋಟ್ ಇಲ್ಲ ಅಂತ ಸುಮ್ಮನಿರೋರು ನಮ್ಮಲ್ಲಿ ಬಹಳ ಜನ. ಬೆಲ್‌ವ್ಯೂ, ರೆಡ್‌ಮಂಡ್, ಸಮಾಮಿಶ್ ಊರುಗಳಿಗೂ ಇಂಥದೇ ಪರ್ಮಿಟ್ ಇದೆ, 520ನೇ ಹೆದ್ದಾರಿ ಮೇಲೆ ದಿನಾ ಸವೆಯೋ ಟೈರ್‌ಗಳಲ್ಲಿ ನಮ್ಮವೂ ಇವೆ. ಕರಡು ಬಂದಾಗ ಅದರ ಕೊಂಡಿ, ಬರೆಯಬೇಕಾದ ವಿಳಾಸ, ಕೊನೆಯ ದಿನಾಂಕ ಎಲ್ಲವನ್ನೂ ಈ ಕಾರ್ಯಕ್ರಮದಲ್ಲಿ ಹೇಳ್ತೀವಿ. ಕರ್ನಾಟಕದಲ್ಲಿ ಕೇಳ್ತಾ ಇರೋರು, ನಿಮ್ಮ ಹತ್ತಿರದ ಕಾರ್ಖಾನೆಯದ್ದೋ ನಿಮ್ಮದೇ ಅಪಾರ್ಟ್‌ಮೆಂಟ್‌ನದ್ದೋ ಸಮ್ಮತಿ ಪತ್ರ ಸಿಕ್ಕಿದ್ರೆ, ಅದರಲ್ಲಿ ಮೀನಿನ ಪರೀಕ್ಷೆಯ ಸಾಲು ಇದೆಯಾ, ಇದ್ದರೆ ಯಾವ ಮೀನು ಅಂತ ಬರೆದಿದ್ದಾರೆ, ನೋಡಿ ನಮಗೆ ಕಳಿಸಿ. ಒಂದು ಇಪ್ಪತ್ತು ಪತ್ರ ಸೇರಿದ್ರೂ ಸಾಕು, ಅದರ ಮೇಲೆ ಒಂದು ಸಂಚಿಕೆ ಮಾಡೋಣ.